‘ಪರ್ಮಿಷನ್ ಡಿನೈಡ್’ ಅಂದ್ರೆ 777 ಹೊಡೆಯೋದಲ್ಲ: ಫೈಲಿನ ಬೀಗ ಮತ್ತು ಮೂರು ಅಂಕಿಗಳ ಲೆಕ್ಕ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಕಮಾಂಡ್‌ಗಳನ್ನು ಆಡಿಯೊದಲ್ಲಿ ಹೇಳಿದ ಹಾಗೆಯೇ ಇಲ್ಲಿ ಬರೆದಿದ್ದೇವೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರಗಳನ್ನು ಬಳಸಿ. ದೊಡ್ಡ ಅಕ್ಷರ ಬೇಕಾದ ಕಡೆ ಹೇಳಿದ್ದೇವೆ.)

ಬಸ್ಸಲ್ಲಿ ಇದ್ದೀರೋ, ಹಾಸ್ಟೆಲ್ ರೂಮಲ್ಲಿ ಇದ್ದೀರೋ, ಇಯರ್‌ಫೋನ್ ಸರಿಯಾಗಿ ಹಾಕ್ಕೊಳ್ಳಿ. ಇವತ್ತು ನಾನು ಮಾಡಿದ ಒಂದು ತಪ್ಪಿನಿಂದಲೇ ಶುರು ಮಾಡ್ತೀನಿ.

ಕಾಲೇಜಿನ ಕೊನೇ ದಿನಗಳು. ಲ್ಯಾಬಲ್ಲಿ ಎಲ್ಲರಿಗೂ ಸೇರಿ ಒಂದು ಲಿನಕ್ಸ್ ಸರ್ವರ್. ಪ್ರತಿ ಪ್ರಾಜೆಕ್ಟ್ ತಂಡಕ್ಕೂ ಅದರಲ್ಲಿ ಒಂದೊಂದು ಫೋಲ್ಡರ್. ಜೂನಿಯರ್ ಹುಡುಗನೊಬ್ಬ ಬಂದು, ‘ಅಣ್ಣಾ, ಪ್ರೋಗ್ರಾಂ ರನ್ ಮಾಡಿದ್ರೆ ಪರ್ಮಿಷನ್ ಡಿನೈಡ್ ಅಂತ ಬರ್ತಿದೆ, ಏನ್ ಮಾಡ್ಲಿ?’ ಅಂದ. ನಾನು ನನ್ನ ಕೆಲಸದ ಗಡಿಬಿಡಿಯಲ್ಲಿದ್ದೆ. ಸ್ಕ್ರೀನ್ ಕಡೆ ತಿರುಗಿಯೂ ನೋಡದೆ, ‘ಪೂರ್ತಿ ಫೋಲ್ಡರಿಗೆ 777 ಹೊಡಿ, ಸರಿಹೋಗುತ್ತೆ’ ಅಂದೆ. ಹೊಡೆಸಿದ. ಸರಿಹೋಯ್ತು. ‘ಥ್ಯಾಂಕ್ಸ್ ಅಣ್ಣಾ’ ಅಂದು ಹೋದ.

ಮೂರು ವಾರ ಆದ್ಮೇಲೆ ಡಿಸ್ಕ್ ತುಂಬ್ತು. ಬೇರೆ ತಂಡದವನೊಬ್ಬ ತನ್ನ ಹಳೇ ಫೈಲುಗಳನ್ನು ಅಳಿಸೋಕೆ ಕೂತ. ತಾನು ನಿಂತಿರೋ ಫೋಲ್ಡರ್ ಯಾವುದು ಅನ್ನೋದನ್ನೇ ತಪ್ಪಾಗಿ ತಿಳ್ಕೊಂಡು, ‘ಇಲ್ಲಿರೋದನ್ನೆಲ್ಲಾ ಅಳಿಸು’ ಅಂತ ಕಮಾಂಡ್ ಕೊಟ್ಟ. ಅಕ್ಷರ ಕ್ರಮದಲ್ಲಿ ಮೊದಲು ಬಂದಿದ್ದು ಆ ಜೂನಿಯರ್ ತಂಡದ ಫೋಲ್ಡರ್. ಅದಕ್ಕೆ 777 ಇತ್ತಲ್ಲ, ಕಂಪ್ಯೂಟರ್ ಒಂದು ಮಾತೂ ಕೇಳಲಿಲ್ಲ. ಎರಡನೇ ತಂಡದ ಫೋಲ್ಡರಿಗೆ ಬಂದಾಗ ಮಾತ್ರ, ‘ಇದಕ್ಕೆ ಬರೆಯದಂತೆ ರಕ್ಷಣೆ ಇದೆ, ಆದರೂ ಒಳಗೆ ಹೋಗಲಾ?’ ಅಂತ ಕೇಳ್ತು. ಆಗ ಅವನು ಬೆಚ್ಚಿಬಿದ್ದು ನಿಲ್ಲಿಸಿದ. ಜೂನಿಯರ್ ತಂಡದ ಫೋಲ್ಡರ್ ಹಾಗೇ ಇತ್ತು, ಒಳಗೆ ಏನೂ ಇರಲಿಲ್ಲ. ರಿವ್ಯೂಗೆ ಎರಡು ದಿನ ಬಾಕಿ.

ತಂಡದ ಒಬ್ಬಳ ಇ-ಮೇಲ್‌ನಲ್ಲಿ ಒಂದು ತಿಂಗಳ ಹಳೇ ಕಾಪಿ ಇತ್ತು. ನಾಲ್ಕೂ ಜನ ಎರಡು ರಾತ್ರಿ ನಿದ್ದೆಗೆಟ್ಟು ಮತ್ತೆ ಬರೆದರು. ನಾನೂ ಜೊತೆಗೆ ಕೂತೆ. ಅವರು ನನ್ನನ್ನು ಬೈಯಲಿಲ್ಲ, ಯಾಕಂದ್ರೆ ತಪ್ಪು ನಂದು ಅಂತ ಅವರಿಗೆ ಗೊತ್ತೇ ಇರಲಿಲ್ಲ. ಎರಡನೇ ರಾತ್ರಿ ನಾನೇ ಹೇಳಿದೆ. ಅವತ್ತು ನಾನು ಐದು ನಿಮಿಷ ಕೂತು ವಿವರಿಸಬೇಕಿದ್ದ ವಿಷಯವನ್ನ ಇವತ್ತು ನಿಮಗೆ ಹೇಳ್ತಿದ್ದೀನಿ.

ಮೂರು ಥರದ ಜನ, ಮೂರು ಥರದ ಹಕ್ಕು

ಲಿನಕ್ಸ್ ಆಗಲಿ, ಮ್ಯಾಕ್ ಆಗಲಿ, ನಿಮ್ಮ ಕೈಯಲ್ಲಿರೋ ಆಂಡ್ರಾಯ್ಡ್ ಫೋನಿನ ಒಳಗೇ ಆಗಲಿ, ಪ್ರತಿ ಫೈಲಿಗೂ ಒಬ್ಬ ಮಾಲೀಕ ಇರ್ತಾನೆ, ಒಂದು ಗುಂಪು ಇರುತ್ತೆ. ಇವರಿಬ್ಬರಲ್ಲೂ ಸೇರದವರು ‘ಉಳಿದವರು’. ಮನೆ ಲೆಕ್ಕದಲ್ಲಿ ಹೇಳೋದಾದ್ರೆ ನೀವು, ನಿಮ್ಮ ಮನೆಯವರು, ಊರವರು.

ಈ ಮೂರೂ ಥರದ ಜನಕ್ಕೆ ಮೂರು ಹಕ್ಕು ಕೊಡಬಹುದು ಅಥವಾ ಕೊಡದೇ ಇರಬಹುದು. ಓದೋದು, ಅದಕ್ಕೆ ‘ಆರ್’. ಬರೆಯೋದು, ಅದಕ್ಕೆ ‘ಡಬ್ಲ್ಯೂ’. ಪ್ರೋಗ್ರಾಂ ಆಗಿ ನಡೆಸೋದು, ಅದಕ್ಕೆ ‘ಎಕ್ಸ್’. ಮೂರು ಮೂರ್ಲಿ ಒಂಬತ್ತು. ಅಷ್ಟೇ, ಈ ಒಂಬತ್ತು ಸ್ವಿಚ್‌ಗಳ ಮೇಲೇ ಇಡೀ ವ್ಯವಸ್ಥೆ ನಿಂತಿರೋದು.

ಇದು ಇವತ್ತಿನ ಐಡಿಯಾ ಅಲ್ಲ. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮತ್ತು ಅವರ ಜೊತೆಯವರು ಯುನಿಕ್ಸ್ ಕಟ್ಟಿದ್ರಲ್ಲ, ಅದರ ಮೊದಲ ಕೈಪಿಡಿ ಬಂದಿದ್ದು 1971ರ ನವೆಂಬರ್‌ನಲ್ಲಿ. ನಾವು ಇವತ್ತು ಮಾತಾಡ್ತಿರೋ ಕಮಾಂಡ್ ಅದರಲ್ಲೇ ಇದೆ. ಆಗ ಮಾಲೀಕ ಮತ್ತು ಉಳಿದವರು ಅಂತ ಎರಡೇ ವರ್ಗ ಇತ್ತು, ಗುಂಪು ಆಮೇಲೆ ಸೇರಿಕೊಳ್ತು. ಒಂದೇ ಕಂಪ್ಯೂಟರನ್ನು ಹತ್ತಾರು ಜನ ಹಂಚಿಕೊಂಡು ಬಳಸ್ತಿದ್ದ ಕಾಲ ಅದು. ನಮ್ಮ ಲ್ಯಾಬ್ ಥರಾನೇ ಅನ್ನಿ.

ಮೊದಲು ನೋಡಿ, ಆಮೇಲೆ ಮುಟ್ಟಿ

ಟರ್ಮಿನಲ್ ತೆಗೆದು ಎಲ್, ಎಸ್, ಒಂದು ಸ್ಪೇಸ್, ಅಡ್ಡಗೆರೆ, ಎಲ್ ಅಂತ ಟೈಪ್ ಮಾಡಿ. ಫೈಲುಗಳ ಪಟ್ಟಿ ಬರುತ್ತೆ. ಪ್ರತಿ ಸಾಲಿನ ಎಡತುದಿಯಲ್ಲಿ ಹತ್ತು ಅಕ್ಷರಗಳ ಒಂದು ಸಾಲು ಕಾಣುತ್ತೆ. ಮೊದಲ ಸಲ ನೋಡಿದವರಿಗೆ ಮಗು ಕೀಬೋರ್ಡ್ ಒತ್ತಿದ ಹಾಗೆ ಅನ್ಸುತ್ತೆ. ಓದೋದು ಸುಲಭ.

ಮೊದಲ ಅಕ್ಷರ ಅದು ಏನು ಅಂತ ಹೇಳುತ್ತೆ. ಅಡ್ಡಗೆರೆ ಇದ್ರೆ ಸಾಮಾನ್ಯ ಫೈಲ್, ‘ಡಿ’ ಇದ್ರೆ ಡೈರೆಕ್ಟರಿ, ಅಂದ್ರೆ ನಾವು ಫೋಲ್ಡರ್ ಅನ್ನೋದು. ಉಳಿದ ಒಂಬತ್ತನ್ನ ಮೂರು ಮೂರಾಗಿ ಒಡೆಯಿರಿ. ಮೊದಲ ಮೂರು ಮಾಲೀಕನದು, ನಡುವಿನ ಮೂರು ಗುಂಪಿನದು, ಕೊನೇ ಮೂರು ಉಳಿದವರದು. ಅಕ್ಷರ ಇದ್ರೆ ಹಕ್ಕು ಇದೆ, ಅಡ್ಡಗೆರೆ ಇದ್ರೆ ಇಲ್ಲ. ಅದೇ ಸಾಲಲ್ಲಿ ಸ್ವಲ್ಪ ಮುಂದೆ ಮಾಲೀಕನ ಹೆಸರು, ಗುಂಪಿನ ಹೆಸರು ಇರುತ್ತೆ.

‘ಪರ್ಮಿಷನ್ ಡಿನೈಡ್’ ಬಂದಾಗ ಮೊದಲು ಮಾಡಬೇಕಾದ್ದು ಇದೇ. ಈ ಫೈಲ್ ಯಾರದು? ನಾನು ಯಾರು? ನಾನು ಯಾರು ಅನ್ನೋದಕ್ಕೆ ‘ಐಡಿ’ ಅನ್ನೋ ಎರಡಕ್ಷರದ ಕಮಾಂಡ್ ಇದೆ. ನಿಮ್ಮ ಹೆಸರು, ನೀವು ಯಾವ್ಯಾವ ಗುಂಪಲ್ಲಿ ಇದ್ದೀರಿ ಅಂತ ತೋರಿಸುತ್ತೆ. ಅರ್ಧ ಸಮಸ್ಯೆಗೆ ಉತ್ತರ ಇಲ್ಲೇ ಸಿಗುತ್ತೆ. ನಾನು ಆ ಹುಡುಗನ ಸ್ಕ್ರೀನ್ ಕಡೆ ತಿರುಗಿ ಇಷ್ಟು ನೋಡಿದ್ರೂ ಸಾಕಿತ್ತು.

4, 2, 1 ಗೊತ್ತಾದ್ರೆ ಎಲ್ಲಾ ಗೊತ್ತಾದ ಹಾಗೆ

ಈಗ ಕಮಾಂಡ್. ಸಿ, ಎಚ್, ಎಂ, ಒ, ಡಿ. ‘ಚೇಂಜ್ ಮೋಡ್’ ಅನ್ನೋದರ ಮೊಟಕು. ಕೆಲವರು ‘ಚ್‌ಮಾಡ್’ ಅಂತಾರೆ, ಕೆಲವರು ‘ಸಿ ಎಚ್ ಮಾಡ್’ ಅಂತಾರೆ. ಹೇಗಾದ್ರೂ ಕರೀರಿ, ಅದು ಬೇಜಾರು ಮಾಡ್ಕೊಳ್ಳಲ್ಲ.

ಓದೋದಕ್ಕೆ 4, ಬರೆಯೋದಕ್ಕೆ 2, ನಡೆಸೋದಕ್ಕೆ 1. ಒಬ್ಬೊಬ್ಬರಿಗೆ ಬೇಕಾದ್ದನ್ನ ಕೂಡಿಸಿ. ಓದಬೇಕು, ಬರೀಬೇಕು ಅಂದ್ರೆ 4 ಮತ್ತು 2 ಸೇರಿ 6. ಓದಬೇಕು, ನಡೆಸಬೇಕು ಅಂದ್ರೆ 5. ಮೂರೂ ಬೇಕು ಅಂದ್ರೆ 7. ಏನೂ ಬೇಡ ಅಂದ್ರೆ ಸೊನ್ನೆ. ಹೀಗೆ ಮೂರು ವರ್ಗಕ್ಕೆ ಮೂರು ಅಂಕಿ.

644 ಅಂದ್ರೆ ಮಾಲೀಕ ಓದಬಹುದು, ಬರೀಬಹುದು. ಮಿಕ್ಕವರೆಲ್ಲಾ ಓದಬಹುದು ಅಷ್ಟೇ. ಸಾಮಾನ್ಯ ಫೈಲಿಗೆ ಇದು ಸರಿ. 755 ಅಂದ್ರೆ ಮಾಲೀಕನಿಗೆ ಪೂರ್ತಿ ಹಕ್ಕು, ಮಿಕ್ಕವರು ಓದಿ ನಡೆಸಬಹುದು. ಎಲ್ಲರೂ ಬಳಸೋ ಪ್ರೋಗ್ರಾಂಗೆ, ಫೋಲ್ಡರಿಗೆ ಇದು ಸರಿ. 600 ಅಂದ್ರೆ ನನಗೆ ಮಾತ್ರ, ಬೇರೆ ಯಾರೂ ಮೂಗು ತೂರಿಸಬೇಡಿ ಅಂತ. 777 ಅಂದ್ರೆ? ಮನೆ ಬಾಗಿಲು ತೆಗೆದಿಟ್ಟು, ಬೀರು ಬೀಗದಕೈ ಹೊಸಿಲ ಮೇಲಿಟ್ಟು ಜಾತ್ರೆಗೆ ಹೋದ ಹಾಗೆ.

ಟೈಪ್ ಮಾಡೋದು ಹೀಗೆ: ಮೊದಲು ಕಮಾಂಡ್, ಸ್ಪೇಸ್, ಅಂಕಿ, ಸ್ಪೇಸ್, ಫೈಲಿನ ಹೆಸರು. ಕೆಲಸ ಆದ್ರೆ ಅದು ಏನೂ ಹೇಳಲ್ಲ. ಮೌನವೇ ಒಪ್ಪಿಗೆ. ಅನುಮಾನ ಇದ್ರೆ ಮತ್ತೆ ಪಟ್ಟಿ ತೆಗೆದು ನೋಡಿ.

ಅಂಕಿ ಬೇಡ ಅಂದ್ರೆ ಅಕ್ಷರದ ದಾರಿಯೂ ಇದೆ. ‘ಯು’ ಅಂದ್ರೆ ಮಾಲೀಕ, ‘ಜಿ’ ಅಂದ್ರೆ ಗುಂಪು, ‘ಒ’ ಅಂದ್ರೆ ಉಳಿದವರು, ‘ಎ’ ಅಂದ್ರೆ ಎಲ್ಲರೂ. ಇಲ್ಲೊಂದು ಹುಷಾರು: ‘ಒ’ ನೋಡಿ ಓನರ್ ಅಂದ್ಕೊಂಡು ಎಡವಿದವರು ತುಂಬಾ ಜನ. ಅದು ಅದರ್ಸ್, ಅಂದ್ರೆ ಹೊರಗಿನವರು. ‘ಯು ಪ್ಲಸ್ ಎಕ್ಸ್’ ಅಂದ್ರೆ ಮಾಲೀಕನಿಗೆ ನಡೆಸೋ ಹಕ್ಕು ಕೊಡು. ‘ಜಿ ಮೈನಸ್ ಡಬ್ಲ್ಯೂ’ ಅಂದ್ರೆ ಗುಂಪಿನಿಂದ ಬರೆಯೋ ಹಕ್ಕು ಕಿತ್ಕೋ. ನಡುವೆ ಸ್ಪೇಸ್ ಇಲ್ಲದೆ ಒಟ್ಟಿಗೇ ಟೈಪ್ ಮಾಡಬೇಕು. ಅಂಕಿ ಕೊಟ್ರೆ ಒಂಬತ್ತೂ ಸ್ವಿಚ್ ಹೊಸದಾಗಿ ಸೆಟ್ ಆಗುತ್ತೆ. ಅಕ್ಷರ ಕೊಟ್ರೆ ನೀವು ಹೇಳಿದ್ದು ಮಾತ್ರ ಬದಲಾಗುತ್ತೆ, ಉಳಿದದ್ದು ಇದ್ದ ಹಾಗೇ ಇರುತ್ತೆ. ಸಣ್ಣ ರಿಪೇರಿಗೆ ಅಕ್ಷರವೇ ವಾಸಿ.

ಅಂದ ಹಾಗೆ, ಹಕ್ಕು ಬದಲಾಯಿಸೋಕೆ ನೀವು ಆ ಫೈಲಿನ ಮಾಲೀಕ ಆಗಿರಬೇಕು, ಇಲ್ಲಾ ‘ರೂಟ್’ ಆಗಿರಬೇಕು. ರೂಟ್ ಅಂದ್ರೆ ಈ ಊರಿನ ಪಾಳೇಗಾರ. ಓದೋಕೆ ಬರೆಯೋಕೆ ಅವನಿಗೆ ಈ ಬೀಗಗಳು ಅಡ್ಡ ಬರಲ್ಲ. ಅದಕ್ಕೇ ಕಮಾಂಡಿನ ಮುಂದೆ ‘ಸುಡೊ’ ಸೇರಿಸೋ ಮುಂಚೆ ಎರಡು ಸಲ ಯೋಚನೆ ಮಾಡಿ.

ಫೋಲ್ಡರ್ ಅಂದ್ರೆ ಹಾಜರಿ ಪುಸ್ತಕ

ಎಲ್ಲರೂ ಎಡವೋ ಜಾಗ ಇದು. ಒಂದು ಪ್ರಶ್ನೆ ಕೇಳ್ತೀನಿ. ನಿಮ್ಮ ಒಂದು ಫೈಲಿಗೆ ನೀವು 600 ಹಾಕಿದ್ದೀರಿ. ಬೇರೆಯವರು ಓದೋ ಹಾಗಿಲ್ಲ, ಬರೆಯೋ ಹಾಗಿಲ್ಲ. ಅದನ್ನ ಬೇರೆಯವರು ಡಿಲೀಟ್ ಮಾಡಬಹುದಾ?

ಮಾಡಬಹುದು. ಆ ಫೈಲ್ ಇರೋ ಫೋಲ್ಡರಿನ ಮೇಲೆ ಅವರಿಗೆ ಬರೆಯೋ ಮತ್ತು ಒಳಗೆ ಹೋಗೋ ಹಕ್ಕು ಇದ್ರೆ ಸಾಕು.

ಯಾಕೆ? ಫೋಲ್ಡರನ್ನ ನಾವು ಪೆಟ್ಟಿಗೆ ಅಂದ್ಕೊಂಡಿದ್ದೀವಿ. ನಿಜವಾಗಿ ಅದು ಹಾಜರಿ ಪುಸ್ತಕ. ಒಳಗಿರೋದು ಹೆಸರುಗಳ ಪಟ್ಟಿ. ಡಿಲೀಟ್ ಮಾಡೋದು ಅಂದ್ರೆ ಆ ಪಟ್ಟಿಯಿಂದ ಹೆಸರು ಹೊಡೆದುಹಾಕೋದು. ಹೆಸರು ಹೊಡೆದುಹಾಕೋಕೆ ಆ ಹುಡುಗನ ಒಪ್ಪಿಗೆ ಬೇಕಾ? ಪುಸ್ತಕ ಮತ್ತು ಪೆನ್ನು ಕೈಯಲ್ಲಿದ್ರೆ ಆಯ್ತು.

ಹಾಗಾಗಿ ಫೋಲ್ಡರಿಗೆ ಆ ಮೂರು ಅಕ್ಷರಗಳ ಅರ್ಥವೇ ಬೇರೆ. ‘ಆರ್’ ಅಂದ್ರೆ ಹೆಸರುಗಳ ಪಟ್ಟಿ ನೋಡೋದು. ‘ಡಬ್ಲ್ಯೂ’ ಅಂದ್ರೆ ಪಟ್ಟಿಗೆ ಹೆಸರು ಸೇರಿಸೋದು, ತೆಗೆಯೋದು, ಬದಲಾಯಿಸೋದು. ‘ಎಕ್ಸ್’ ಅಂದ್ರೆ ಆ ಫೋಲ್ಡರ್ ದಾಟಿ ಒಳಗೆ ಹೋಗೋದು. ‘ಎಕ್ಸ್’ ಇಲ್ಲದೆ ‘ಡಬ್ಲ್ಯೂ’ ಒಂದೇ ಇದ್ರೆ ಪ್ರಯೋಜನ ಇಲ್ಲ. ಫೈಲಿಗೆ 644 ಇದ್ರೂ ಅದಕ್ಕೆ ಹೋಗೋ ದಾರಿಯಲ್ಲಿ ಯಾವುದೋ ಒಂದು ಫೋಲ್ಡರಿಗೆ ‘ಎಕ್ಸ್’ ಇಲ್ಲ ಅಂದ್ರೆ ಅಲ್ಲೇ ‘ಪರ್ಮಿಷನ್ ಡಿನೈಡ್’. ಜನ ಫೈಲಿಗೆ 777 ಹಾಕಿ, ಇನ್ನೂ ತೆರೀತಿಲ್ಲ ಅಂತ ತಲೆ ಚಚ್ಕೊಳ್ಳೋದು ಇದಕ್ಕೇ. ಬೀಗ ಇರೋದು ಗೇಟಿಗೆ, ನೀವು ಬಡೀತಿರೋದು ಅಡುಗೆಮನೆ ಬಾಗಿಲು.

ಹಾಗಾದ್ರೆ ಎಲ್ಲರೂ ಬರೆಯಲೇಬೇಕಾದ ಫೋಲ್ಡರ್ ಏನ್ ಮಾಡೋದು? ಲಿನಕ್ಸಿನಲ್ಲಿ ‘ಟಿ ಎಂ ಪಿ’ ಅಂತ ತಾತ್ಕಾಲಿಕ ಫೈಲುಗಳ ಫೋಲ್ಡರ್ ಇದೆ. ಎಲ್ಲಾ ಪ್ರೋಗ್ರಾಂಗಳೂ ಅಲ್ಲಿ ಬರೀತಾವೆ. ಅದಕ್ಕೆ 1777 ಅಂತ ನಾಲ್ಕು ಅಂಕಿ ಇರುತ್ತೆ. ಮುಂದಿರೋ ಆ 1ಕ್ಕೆ ‘ಸ್ಟಿಕಿ ಬಿಟ್’ ಅಂತಾರೆ. ಯಾರು ಬೇಕಾದ್ರೂ ಫೈಲ್ ಇಡಬಹುದು, ಆದ್ರೆ ಅವರವರ ಫೈಲನ್ನ ಅವರವರೇ ತೆಗೀಬೇಕು. ಅವರನ್ನ ಬಿಟ್ರೆ ಆ ಫೋಲ್ಡರಿನ ಮಾಲೀಕ ಮತ್ತು ರೂಟ್ ಮಾತ್ರ. ದೇವಸ್ಥಾನದ ಮುಂದೆ ಚಪ್ಪಲಿ ಬಿಡೋ ಜಾಗ ನೆನಪು ಮಾಡ್ಕೊಳ್ಳಿ. ಅಲ್ಲಿ ಈ ನಿಯಮ ನಂಬಿಕೆ ಮೇಲೆ ನಡೆಯುತ್ತೆ, ಇಲ್ಲಿ ಕಂಪ್ಯೂಟರೇ ಕಾಯುತ್ತೆ.

ಕಂಪ್ಯೂಟರೇ ‘ಇಷ್ಟು ತೆರೆದಿಡಬೇಡ’ ಅಂದಾಗ

ಇಂಟರ್ನ್‌ಶಿಪ್‌ಗೆ ಸೇರಿದ ಮೊದಲ ವಾರ ಹಲವರಿಗೆ ಆಗೋ ಅನುಭವ ಇದು. ಕ್ಲೌಡ್ ಸರ್ವರಿಗೆ ಲಾಗಿನ್ ಆಗೋಕೆ ಒಂದು ಕೀ ಫೈಲ್ ಕೊಡ್ತಾರೆ. ಎಸ್‌ಎಸ್‌ಎಚ್ ಕಮಾಂಡ್ ಕೊಟ್ಟ ತಕ್ಷಣ ದೊಡ್ಡ ಅಕ್ಷರಗಳಲ್ಲಿ ಎಚ್ಚರಿಕೆ ಬರುತ್ತೆ: ನಿಮ್ಮ ಖಾಸಗಿ ಕೀ ಫೈಲಿಗೆ ರಕ್ಷಣೆ ಇಲ್ಲ, 0644 ತುಂಬಾ ತೆರೆದಿದೆ, ಈ ಕೀ ಬಳಸಲ್ಲ. ಇಲ್ಲಿ ಸಮಸ್ಯೆ ಹಕ್ಕು ಕಮ್ಮಿ ಆಗಿದ್ದಲ್ಲ, ಜಾಸ್ತಿ ಆಗಿದ್ದು. ಆ ಕೀ ಸಿಕ್ಕವನಿಗೆ ಸರ್ವರ್ ಸಿಕ್ಕ ಹಾಗೆ. ಹಾಗಾಗಿ ಬೇರೆಯವರು ಓದೋ ಹಾಗಿರೋ ಕೀಯನ್ನ ಎಸ್‌ಎಸ್‌ಎಚ್ ಮುಟ್ಟಲ್ಲ. 600 ಹಾಕಿ, ಅಥವಾ ನೀವೂ ಬದಲಾಯಿಸಬಾರದು ಅಂದ್ರೆ 400 ಹಾಕಿ. ಸರಿಹೋಗುತ್ತೆ. 777 ಹಾಕಿದ್ರೆ ಮತ್ತೂ ಬೈಯುತ್ತೆ.

ಪಾಸ್‌ವರ್ಡ್, ಎಪಿಐ ಕೀ ಇರೋ ಕಾನ್ಫಿಗರೇಷನ್ ಫೈಲುಗಳಿಗೂ ಇದೇ ನಿಯಮ ಹಾಕ್ಕೊಳ್ಳಿ.

ದೊಡ್ಡ ‘ಆರ್’ ಹಾಕೋ ಮುಂಚೆ

ಅಡ್ಡಗೆರೆ, ದೊಡ್ಡ ಅಕ್ಷರದ ‘ಆರ್’ ಸೇರಿಸಿದ್ರೆ ಫೋಲ್ಡರ್, ಅದರೊಳಗಿನ ಫೋಲ್ಡರ್, ಅದರೊಳಗಿನ ಫೈಲ್, ಎಲ್ಲದಕ್ಕೂ ಒಂದೇ ಏಟಿಗೆ ಹಕ್ಕು ಬದಲಾಗುತ್ತೆ. ಇದಕ್ಕೆ ‘ಅನ್‌ಡೂ’ ಇಲ್ಲ. ಮುಂಚೆ ಏನಿತ್ತು ಅಂತ ಅದು ಎಲ್ಲೂ ಬರೆದಿಟ್ಕೊಳ್ಳಲ್ಲ.

ಪೂರ್ತಿ ಫೋಲ್ಡರಿಗೆ 644 ಹಾಕಿದ್ರೆ ಒಳಗಿನ ಫೋಲ್ಡರುಗಳ ‘ಎಕ್ಸ್’ ಹೋಗಿ, ಮಾಲೀಕನೇ ಒಳಗೆ ಹೋಗೋಕಾಗಲ್ಲ. ಪೂರ್ತಿ 755 ಹಾಕಿದ್ರೆ ಸಾದಾ ಟೆಕ್ಸ್ಟ್ ಫೈಲೂ ಪ್ರೋಗ್ರಾಂ ಥರ ನಡೆಸಬಹುದಾದ ಫೈಲ್ ಆಗುತ್ತೆ. ಇದಕ್ಕೊಂದು ಜಾಣ ಉಪಾಯ ಇದೆ: ಅಕ್ಷರದ ದಾರಿಯಲ್ಲಿ ಸಣ್ಣ ‘ಎಕ್ಸ್’ ಬದಲು ದೊಡ್ಡ ‘ಎಕ್ಸ್’ ಹಾಕೋದು. ಅದು ಫೋಲ್ಡರುಗಳಿಗೆ, ಮತ್ತು ಆಗಲೇ ಯಾರಿಗಾದ್ರೂ ನಡೆಸೋ ಹಕ್ಕಿರೋ ಫೈಲುಗಳಿಗೆ ಮಾತ್ರ ‘ಎಕ್ಸ್’ ಕೊಡುತ್ತೆ.

ಇನ್ನೊಂದು. ಸುಡೊ ಹಾಕಿ, ಸಿಸ್ಟಂನ ಬೇರಿನ ಫೋಲ್ಡರಿಗೆ, ಅಂದ್ರೆ ಬರೀ ಓರೆಗೆರೆ ಇರೋ ಜಾಗಕ್ಕೆ, ದೊಡ್ಡ ‘ಆರ್’ ಜೊತೆ ಯಾವತ್ತೂ ಹೊಡೀಬೇಡಿ. ಸುಡೊ, ಎಸ್‌ಎಸ್‌ಎಚ್ ಥರದವು ತಮ್ಮ ಫೈಲುಗಳ ಹಕ್ಕು ಇಂಥದ್ದೇ ಇರಬೇಕು ಅಂತ ನೋಡ್ಕೊಂಡು ಕೆಲಸ ಮಾಡೋವು. ಕೆಟ್ಟರೆ ಆಪರೇಟಿಂಗ್ ಸಿಸ್ಟಂ ಮತ್ತೆ ಹಾಕೋದೇ ಸುಲಭ ಅನ್ನೋ ಸ್ಥಿತಿ ಬರುತ್ತೆ.

ನಿಮ್ಮ ಫೋನಿನೊಳಗೂ ಇದೇ ಕಥೆ

‘ನಂಗ್ಯಾಕೆ ಇದು, ನನ್ನ ಹತ್ರ ಲ್ಯಾಪ್‌ಟಾಪೇ ಇಲ್ಲ’ ಅಂತೀರಾ? ಆಂಡ್ರಾಯ್ಡ್ ನಿಂತಿರೋದೇ ಲಿನಕ್ಸ್ ಕರ್ನಲ್ ಮೇಲೆ. ಅಲ್ಲಿ ಒಂದು ಚಂದದ ಉಪಾಯ ಮಾಡಿದ್ದಾರೆ: ಪ್ರತಿ ಆ್ಯಪನ್ನೂ ಬೇರೆ ಬೇರೆ ಬಳಕೆದಾರ ಅಂತ ಪರಿಗಣಿಸ್ತಾರೆ. ನಿಮ್ಮ ಬ್ಯಾಂಕ್ ಆ್ಯಪ್ ಒಬ್ಬ, ಗೇಮ್ ಇನ್ನೊಬ್ಬ. ಆ್ಯಪುಗಳ ಬಳಕೆದಾರ ಸಂಖ್ಯೆ 10000ದಿಂದ ಶುರು. ಆಂಡ್ರಾಯ್ಡ್ 7ರ ಕಾಲದಿಂದ ಹೊಸ ಆ್ಯಪುಗಳ ಖಾಸಗಿ ಫೋಲ್ಡರಿಗೆ 700 ಇರುತ್ತೆ. ಗೇಮ್ ಬಂದು ಬ್ಯಾಂಕ್ ಆ್ಯಪಿನ ಫೋಲ್ಡರ್ ತೆರೆಯೋಕೆ ಹೋದ್ರೆ, ಅದೇ ಹಳೇ ‘ಪರ್ಮಿಷನ್ ಡಿನೈಡ್’. ಅದರ ಮೇಲೆ ಎಸ್‌ಇ-ಲಿನಕ್ಸ್ ಅನ್ನೋ ಇನ್ನೊಂದು ಕಾವಲೂ ಇದೆ. 1971ರ ಐಡಿಯಾ ಇವತ್ತು ನಿಮ್ಮ ಜೇಬಲ್ಲಿ ದುಡ್ಡು ಕಾಯ್ತಿದೆ.

ಕಲಿಯೋಕೆ ಲ್ಯಾಪ್‌ಟಾಪ್ ಬೇಕಿಲ್ಲ. ಟರ್ಮಕ್ಸ್ ಅನ್ನೋ ಉಚಿತ ಆ್ಯಪ್ ಹಾಕ್ಕೊಂಡ್ರೆ ಫೋನಲ್ಲೇ ಈ ಕಮಾಂಡ್‌ಗಳನ್ನೆಲ್ಲಾ ಮಾಡಿ ನೋಡಬಹುದು. ಒಂದು ಎಚ್ಚರಿಕೆ: ಟರ್ಮಕ್ಸ್‌ನ ಹೋಮ್ ಫೋಲ್ಡರಿನಲ್ಲೇ ಮಾಡಿ. ಡೌನ್‌ಲೋಡ್, ಫೋಟೊ ಇರೋ ಹಂಚಿಕೆಯ ಸ್ಟೋರೇಜಿನಲ್ಲಿ ಈ ಕಮಾಂಡ್ ನಾಟಲ್ಲ. ಅಲ್ಲಿನ ಹಕ್ಕುಗಳನ್ನ ಆಂಡ್ರಾಯ್ಡೇ ನಿರ್ಧರಿಸುತ್ತೆ. ಪೆನ್‌ಡ್ರೈವ್‌ಗೆ ಎಕ್ಸ್-ಫ್ಯಾಟ್ ಫಾರ್ಮ್ಯಾಟ್ ಇದ್ರೂ ಹೀಗೇ, ಆ ಫಾರ್ಮ್ಯಾಟಿನಲ್ಲಿ ಈ ಒಂಬತ್ತು ಸ್ವಿಚ್ ಇಡೋಕೆ ಜಾಗವೇ ಇಲ್ಲ.

ಅವತ್ತು ನಾನು ಏನು ಹೇಳಬೇಕಿತ್ತು?

ಮತ್ತೆ ನಮ್ಮ ಲ್ಯಾಬಿಗೆ ಬರೋಣ. ಆಮೇಲೆ ಗೊತ್ತಾಯ್ತು, ಸಮಸ್ಯೆ ಚಿಕ್ಕದು. ಫೋಲ್ಡರ್ ಒಬ್ಬಳ ಹೆಸರಲ್ಲಿತ್ತು, ಪ್ರೋಗ್ರಾಂ ನಡೆಸ್ತಿದ್ದವನು ಅವಳ ಜೊತೆಗಾರ. ಅವನು ಆ ಫೋಲ್ಡರಿಗೆ ‘ಉಳಿದವರು’. ಅವನಿಗೆ ಬರೆಯೋ ಹಕ್ಕು ಬೇಕಿತ್ತು. ನಾನು ಇಡೀ ಕಾಲೇಜಿಗೆ ಕೊಡಿಸಿದೆ.

ಸರಿಯಾದ ದಾರಿ ಹೀಗಿತ್ತು. ಲ್ಯಾಬ್ ಅಡ್ಮಿನ್‌ಗೆ ಹೇಳಿ ಆ ನಾಲ್ಕು ಜನರ ಒಂದು ಗುಂಪು ಮಾಡಿಸೋದು. ಫೋಲ್ಡರಿನ ಗುಂಪನ್ನ ಅದಕ್ಕೆ ಬದಲಾಯಿಸೋದು. ಅದಕ್ಕೆ ಸಿ, ಎಚ್, ಜಿ, ಆರ್, ಪಿ ಅನ್ನೋ ಕಮಾಂಡ್ ಇದೆ. ಆಮೇಲೆ ಫೋಲ್ಡರಿಗೆ 2770. ಮುಂದಿನ 2ರ ಅರ್ಥ, ಒಳಗೆ ಹೊಸದಾಗಿ ಹುಟ್ಟೋ ಫೈಲುಗಳೂ ಇದೇ ಗುಂಪಿಗೆ ಸೇರಲಿ ಅಂತ. ಮೊದಲ 7 ಮಾಲೀಕಳಿಗೆ, ಎರಡನೇ 7 ತಂಡಕ್ಕೆ, ಕೊನೇ ಸೊನ್ನೆ ಉಳಿದ ಎಲ್ಲರಿಗೂ. ಜೊತೆಗೆ ನಾಲ್ಕೂ ಜನ ‘ಯು-ಮಾಸ್ಕ್’ ಅನ್ನೋ ಸೆಟ್ಟಿಂಗನ್ನ 002 ಮಾಡ್ಕೊಂಡ್ರೆ, ಹೊಸ ಫೈಲುಗಳಲ್ಲಿ ಗುಂಪಿಗೆ ಬರೆಯೋ ಹಕ್ಕು ತಾನಾಗೇ ಉಳಿಯುತ್ತೆ. ಆ ಸೊನ್ನೆ ಒಂದು ಇದ್ದಿದ್ರೆ ಅವತ್ತು ಅವನ ಕಮಾಂಡ್ ಗೇಟಿನಲ್ಲೇ ನಿಲ್ತಿತ್ತು.

ಹಾಗಾಗಿ ಮುಂದಿನ ಸಲ ‘ಪರ್ಮಿಷನ್ ಡಿನೈಡ್’ ಕಂಡಾಗ ಸಿಟ್ಟು ಬೇಡ. ಕಾವಲಿನವನು ತನ್ನ ಕೆಲಸ ಮಾಡ್ತಿದ್ದಾನೆ. ಅವನಿಗೆ ಉತ್ತರ ಕೊಡೋ ಮುಂಚೆ ನಿಮ್ಮನ್ನ ನೀವು ಮೂರು ಪ್ರಶ್ನೆ ಕೇಳ್ಕೊಳ್ಳಿ. ಇದು ಯಾರದು? ಯಾರಿಗೆ ಬೇಕು? ಎಷ್ಟು ಬೇಕು? ಉತ್ತರ 777 ಆಗಿರೋದು ತೀರಾ ಅಪರೂಪ.

ಇವತ್ತೇ ಒಂದು ಕೆಲಸ ಮಾಡಿ. ನಿಮ್ಮ ಪ್ರಾಜೆಕ್ಟ್ ಫೋಲ್ಡರ್ ತೆರೆದು ಆ ಹತ್ತು ಅಕ್ಷರ ಓದಿ. ಕೊನೇ ಮೂರರಲ್ಲಿ ‘ಡಬ್ಲ್ಯೂ’ ಕಂಡ್ರೆ, ‘ಒ ಮೈನಸ್ ಡಬ್ಲ್ಯೂ’ ಹಾಕಿ. ಹಾಗೇ ಒಂದು ಬ್ಯಾಕಪ್ ಇಟ್ಕೊಳ್ಳಿ, ಯಾಕಂದ್ರೆ ಬೀಗ ಎಷ್ಟೇ ಗಟ್ಟಿ ಇದ್ರೂ ನಿಮ್ಮ ಕೈಯಿಂದಲೇ ಆಗೋ ತಪ್ಪನ್ನ ಅದು ತಡೆಯಲ್ಲ. ಮತ್ತೆ, ಜೂನಿಯರ್ ಯಾರಾದ್ರೂ ಬಂದು ‘ಅಣ್ಣಾ, ಅಕ್ಕಾ, ಇದೇನೋ ಬರ್ತಿದೆ’ ಅಂದ್ರೆ ಒಂದು ಸಲ ಅವರ ಸ್ಕ್ರೀನ್ ಕಡೆ ತಿರುಗಿ ನೋಡಿ.